ಅರವತ್ತೊಂದು ಪದಗಳ ಪಾಲುಪಟ್ಟಿ

ಈ-ಸ್ಟ್ಯಾಂಪ್ ಪೇಪರಿಗೆ ಐನೂರು, ಒಂಬತ್ತು ಪುಟದ ಟೈಪಿಂಗಿಗೆ ನಾನೂರೈವತ್ತು, ನೋಟರಿಗೆ ಮುನ್ನೂರು, ನಾಲ್ಕು ಜನಕ್ಕೆ ನಾಲ್ಕು ಸೆಟ್ ಜೆರಾಕ್ಸಿಗೆ ಎಪ್ಪತ್ತೆರಡು, ನನ್ನ ಬರವಣಿಗೆ ಸಾವಿರ. ಒಟ್ಟು ಎರಡು ಸಾವಿರದ ಮುನ್ನೂರ ಇಪ್ಪತ್ತೆರಡು ರೂಪಾಯಿ. ಮೂರು ತಿಂಗಳ ಟ್ಯೂಷನ್ ಫೀಸು ಬೇರೆ. ಇಷ್ಟು ಖರ್ಚು ಮಾಡಿ ಹೊಸಕೆರೆಹಳ್ಳಿಯ ರಾಮಯ್ಯನವರ ಮನೆಯವರು ಅರವತ್ತೊಂದು ಇಂಗ್ಲಿಷ್ ಪದಗಳನ್ನು ನಾಲ್ಕು ಪಾಲು ಮಾಡಿಕೊಂಡರು.

ಬನಶಂಕರಿಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಇಪ್ಪತ್ತೆಂಟು ವರ್ಷದಿಂದ ನಾನು ಪತ್ರ ಬರೆದು ಬದುಕುತ್ತಿದ್ದೇನೆ. ಹೊಲ, ಸೈಟು, ಮನೆ, ಮಳಿಗೆ ಎಲ್ಲವನ್ನೂ ಪಾಲು ಮಾಡಿ ಬರೆದಿದ್ದೇನೆ. ಒಂದು ಸಲ ಒಂದು ಬಾವಿಯನ್ನೂ ಬರೆದಿದ್ದೇನೆ, ಅಣ್ಣನಿಗೆ ಒಂದು ದಿನ ನೀರು, ತಮ್ಮನಿಗೆ ಒಂದು ದಿನ ನೀರು ಎಂಬ ಲೆಕ್ಕದಲ್ಲಿ. ಹಾಗಾಗಿ ರಾಮಯ್ಯನವರು ಬಂದು ಪದಗಳನ್ನು ಪಾಲು ಮಾಡಬೇಕು ಅಂದಾಗ ನಾನು ನಗಲಿಲ್ಲ. ಒಟ್ಟು ಎಷ್ಟಿವೆ ಎಂದು ಕೇಳಿದೆ. ಪಾರ್ಟಿಯ ಮುಂದೆ ನಕ್ಕರೆ ಅವರು ಎದ್ದು ಪಕ್ಕದ ಟೇಬಲ್ಲಿಗೆ ಹೋಗುತ್ತಾರೆ.

ಇದೆಲ್ಲ ಶುರುವಾದದ್ದು ಒಂದು ಹಸುವಿನಿಂದ.

ರಾಮಯ್ಯನವರದು ಮೂಲತಃ ಇಪ್ಪತ್ತು ಗುಂಟೆ ಹೊಲ. ಹನ್ನೊಂದು ವರ್ಷದ ಹಿಂದೆ ಅದನ್ನು ಬಿಲ್ಡರಿಗೆ ಕೊಟ್ಟರು. ನಲವತ್ತು ಫ್ಲಾಟು ಎದ್ದವು, ಜಮೀನಿನ ಬಾಬ್ತು ಹದಿನಾರು ಇವರಿಗೆ ಬಂದವು. ಮದುವೆ, ಆಸ್ಪತ್ರೆ ಎಂದು ಎಂಟನ್ನು ಮಾರಿ ಈಗ ಎಂಟು ಉಳಿದಿವೆ. ರಾಮಯ್ಯ, ಅವರ ತಂಗಿ ಅಮ್ಮಣ್ಣಿ, ಕಿರಿಯ ತಮ್ಮ ಶಿವರಾಮ್, ತೀರಿಹೋದ ನಡುವಿನ ತಮ್ಮನ ಮಗ ಮನೋಜ್, ತಲೆಗೆ ಎರಡೆರಡು. ರಾಮಯ್ಯನವರ ಹೆಂಡತಿ ಲಕ್ಷ್ಮಿದೇವಮ್ಮನ ಹೆಸರಿನಲ್ಲಿ ಏನೂ ಇಲ್ಲ. ಅವರದು ಅಂತ ಇರುವುದು ಕೆಂಚಿ ಎಂಬ ಹದಿನಾಲ್ಕು ವರ್ಷದ ಹಸು ಮಾತ್ರ. ಹೊಲವಿದ್ದಾಗ ಕರುವಾಗಿದ್ದ ಕೆಂಚಿ, ಹೊಲ ಕಟ್ಟಡವಾದ ಮೇಲೆ ಅದೇ ಜಾಗದಲ್ಲಿ, ರಾಮಯ್ಯನವರ ಹದಿನಾಲ್ಕನೇ ನಂಬರಿನ ಪಾರ್ಕಿಂಗಿನಲ್ಲಿ ನಿಂತಿದ್ದಳು. ಒಂದು ಕಡೆ ಬಿಳಿ ಕಾರು, ಇನ್ನೊಂದು ಕಡೆ ನೀಲಿ ಕಾರು, ನಡುವೆ ಕೆಂಚಿ.

ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಸೋಮನಾಥ್ ಎಂದು, ದಾವಣಗೆರೆ ಕಡೆಯವರು, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಒಳ್ಳೆಯ ಮನುಷ್ಯ. ಗೇಟಿನ ಹತ್ತಿರ ಸಿಕ್ಕರೆ ಚೆನ್ನಾದ ಕನ್ನಡದಲ್ಲಿ ಊಟ ಆಯಿತೇ ಎಂದು ವಿಚಾರಿಸುವರು. ಆದರೆ ಮೀಟಿಂಗಿನಲ್ಲಿ ಇಂಗ್ಲಿಷು ಬಿಟ್ಟು ಬೇರೆ ಮಾತಿಲ್ಲ. ಮಾಲೀಕರಲ್ಲಿ ಅರ್ಧ ಜನ ಹೊರಗಿನವರು, ನಡಾವಳಿ ಬರೆಯುವುದೂ ಇಂಗ್ಲಿಷಿನಲ್ಲೇ. ಹೋದ ವರ್ಷದ ಮೀಟಿಂಗಿನಲ್ಲಿ ರಾಮಯ್ಯನವರ ಮನೆಯವರು ಎರಡು ಗಂಟೆ ಕೂತು, ಎಲ್ಲರೂ ಕೈ ಎತ್ತಿದಾಗ ತಾವೂ ಎತ್ತಿ ಬಂದರು. ಒಂದು ವಾರ ಬಿಟ್ಟು ಅವರ ಬಟ್ಟೆ ಒಗೆಯುವ ಕಲ್ಲು ಮಾಯವಾಗಿ ಅಲ್ಲಿ ಜಿಮ್ ಬಂತು. ಅದಕ್ಕೇ ಕೈ ಎತ್ತಿದ್ದು ಎಂದು ಆಗ ಗೊತ್ತಾಯಿತು.

ಈ ವರ್ಷದ ನೋಟಿಸಿನಲ್ಲಿ ಆರನೇ ವಿಷಯ ಕೆಂಚಿ. ನೀಲಿ ಕಾರಿನ ವೈಪರನ್ನು ಎರಡು ಸಲ ಅಗಿದಿದ್ದಾಳೆ, ಬಿಳಿ ಕಾರಿನ ಬಾನೆಟ್ ನೆಕ್ಕಿ ಬಣ್ಣ ಕೆಡಿಸಿದ್ದಾಳೆ, ನೊಣ ಇದೆ, ವಾಸನೆ ಇದೆ. ಆದ್ದರಿಂದ ಅವಳನ್ನು ವಸಂತಪುರದ ಕಡೆಯ ಒಂದು ಗೋಶಾಲೆಗೆ ಕಳಿಸಬೇಕೆಂದು ಮತಕ್ಕೆ ಹಾಕುವುದು. ನೋಟಿಸನ್ನು ಮನೋಜ್ ಓದಿ ಹೇಳಿದ. ಲಕ್ಷ್ಮಿದೇವಮ್ಮ ಅಳಲಿಲ್ಲ, ಗಂಡನನ್ನು ಒಂದು ಮಾತು ಕೇಳಿದರಂತೆ.

"ಕೆಂಚಿ ಹೋದ್ರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನಾನು ಏನ್ ಮಾಡ್ಲಿ?"

ಮೀಟಿಂಗಿಗೆ ಮೂರು ತಿಂಗಳಿತ್ತು. ಇಂಗ್ಲಿಷ್ ಕಲಿತೇ ತೀರಬೇಕೆಂದು ರಾಮಯ್ಯ ಅವತ್ತೇ ತೀರ್ಮಾನಿಸಿದರು.

ಅವರ ಬಾಡಿಗೆದಾರರಲ್ಲೇ ಟೀಚರೊಬ್ಬಳಿದ್ದಳು, ಪ್ರೇರಣಾ ಎಂಬ ಹುಡುಗಿ. ಜಯನಗರದ ಯಾವುದೋ ಸೆಂಟರಿನಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದಳು. ಮೂರು ತಿಂಗಳಲ್ಲಿ ಪೂರ್ತಿ ಭಾಷೆ ಬರುವುದಿಲ್ಲ ಎಂದು ನೇರವಾಗಿ ಹೇಳಿ, ಮೀಟಿಂಗಿನ ಮಾತೆಲ್ಲ ನಿಂತಿರುವುದು ಫ್ರೇಸಲ್ ವರ್ಬುಗಳ ಮೇಲೆ, ಅವನ್ನು ಕಲಿತರೆ ಸಾಕು ಎಂದಳು. ಪುಟ್ ಆಫ್ ಅಂದರೆ ಮುಂದೂಡುವುದು, ಕಾಲ್ ಆಫ್ ಅಂದರೆ ರದ್ದು ಮಾಡುವುದು, ಟರ್ನ್ ಡೌನ್ ಅಂದರೆ ಬೇಡ ಎಂದು ತಳ್ಳಿಹಾಕುವುದು, ಲುಕ್ ಆಫ್ಟರ್ ಅಂದರೆ ನೋಡಿಕೊಳ್ಳುವುದು. ಎರಡು ಸಣ್ಣ ಪದ ಸೇರಿದರೆ ಎರಡರಲ್ಲೂ ಇಲ್ಲದ ಅರ್ಥ ಹೇಗೆ ಬರುತ್ತದೆ ಎಂದು ರಾಮಯ್ಯ ಕೇಳಿದ್ದಕ್ಕೆ ಅವಳು, ಯಾರೋ ಕೈ ಕೊಟ್ಟರು ಅನ್ನುತ್ತೀರಲ್ಲ, ಅಲ್ಲಿ ಕೈಯೂ ಇಲ್ಲ, ಕೊಡುವುದೂ ಇಲ್ಲ, ಹಾಗೇ ಇದು ಅಂದಳಂತೆ. ರಾಮಯ್ಯನವರಿಗೆ ತಕ್ಷಣ ತಿಳಿಯಿತು. ಬಿಲ್ಡರ್ ಅವರಿಗೆ ಎರಡು ಸಲ ಕೈ ಕೊಟ್ಟಿದ್ದ.

ಅವಳು ಹೆಚ್ಚು ಬಳಕೆಯ ಅರವತ್ತೊಂದು ಜೋಡಿ ಪದಗಳ ಪಟ್ಟಿ ಕೊಟ್ಟಳು. ಎರಡು ವಾರ ಪಾಠ ಚೆನ್ನಾಗಿಯೇ ನಡೆಯಿತು. ಮೂರನೇ ವಾರ ರಾಮಯ್ಯ ಪುಟ್ ಆಫ್ ಹಾಕಿ ಒಂದು ವಾಕ್ಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶಿವರಾಮ್ ಅದೇ ಪದ ಹಾಕಿ ವಾಕ್ಯ ಹೇಳಿಬಿಟ್ಟ. ನಾನು ರಾತ್ರಿಯೆಲ್ಲ ಉರು ಹೊಡೆದ ಪದ ಅದು ಎಂದು ಅಣ್ಣ. ನಿನ್ನ ಹೆಸರು ಬರೆದಿದೆಯಾ ಎಂದು ತಮ್ಮ. ಅಲ್ಲಿಗೆ ಈ ಮನೆಯಲ್ಲಿ ಯಾವತ್ತೂ ಆಗುವುದೇ ಆಯಿತು. ಪಾಲು ಮಾಡಿಕೊಂಡು ಬಿಡೋಣ ಎಂಬ ಮಾತು ಬಂತು.

ಯೋಚಿಸಿದರೆ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಲ್ಕು ಜನ ಅರವತ್ತೊಂದನ್ನೂ ಕಲಿಯುವ ಬದಲು ತಲೆಗೆ ಹದಿನೈದು ಕಲಿತರೆ ಸಾಕು, ಮನೆಯ ಮಟ್ಟಿಗೆ ಎಲ್ಲವೂ ಇದ್ದಂತೆ. ಪದ ಅಂದರೆ ಒಬ್ಬರು ಬಳಸಿದರೆ ಖರ್ಚಾಗುವ ವಸ್ತುವಲ್ಲ, ಎಷ್ಟು ಜನ ಬೇಕಾದರೂ ಬಳಸಬಹುದು ಎಂದು ಪ್ರೇರಣಾ ವಿವರಿಸಿ ನೋಡಿದಳು.

"ಹಂಗೆ ಹೇಳ್ಕೊಂಡೇ ನಮ್ಮೂರ ಗೋಮಾಳ ಹೋಯ್ತು ಮೇಡಂ," ಎಂದ ಶಿವರಾಮ್.

ಹೀಗೆ ನನ್ನ ಟೇಬಲ್ಲಿಗೆ ಬಂದರು. ಈ ಪತ್ರ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿದೆ. ಕೋರ್ಟಿಗೆ ಬೇಡ, ನಮ್ಮ ನಮ್ಮಲ್ಲಿ ಇರಲಿ ಎಂದರು. ಅದಕ್ಕೇ ನನ್ನ ಫೀಸಿನಲ್ಲಿ ಅರ್ಧ ಮಾತ್ರ ತೆಗೆದುಕೊಂಡೆ.

ಹಂಚಿಕೆ ಅವರ ಮನೆಯಲ್ಲೇ ಆಯಿತು. ಹಿಂದೆ ರಾಗಿ ಅಳೆಯುತ್ತಿದ್ದ ಸೇರಿನಲ್ಲಿ ಅರವತ್ತೊಂದು ಚೀಟಿ ಹಾಕಿ ಲಕ್ಷ್ಮಿದೇವಮ್ಮ ತಂದಿಟ್ಟರು. ಹಿರಿಯರಿಂದ ಕಿರಿಯರಿಗೆ ಸುತ್ತು ಬಂದು ಒಂದೊಂದೇ ಎತ್ತಿದರು. ಪುಟ್ ಆಫ್ ರಾಮಯ್ಯನವರಿಗೇ ಬಂತು, ಜೊತೆಗೆ ಗೆಟ್ ಅಪ್. ಟರ್ನ್ ಡೌನ್ ಮನೋಜನಿಗೆ. ಕ್ಲೀನ್ ಅಪ್, ಗಿವ್ ಬ್ಯಾಕ್ ಎರಡೂ ಅಮ್ಮಣ್ಣಿಗೆ. ಸಾಕಿ ಬೆಳೆಸುವುದು ಎಂಬ ಅರ್ಥದ ಬ್ರಿಂಗ್ ಅಪ್ ಶಿವರಾಮನಿಗೆ ಬಂದಾಗ ಅಮ್ಮಣ್ಣಿ ಮುಖ ತಿರುಗಿಸಿದ್ದನ್ನು ನಾನು ನೋಡಿದೆ. ತಲೆಗೆ ಹದಿನೈದರಂತೆ ಅರವತ್ತು ಮುಗಿದು ಸೇರಿನ ತಳದಲ್ಲಿ ಒಂದು ಚೀಟಿ ಉಳಿಯಿತು. ಬಿಚ್ಚಿದರೆ ಲುಕ್ ಆಫ್ಟರ್.

ಹಸುವಿನ ವಿಷಯಕ್ಕೆ ಎಲ್ಲಕ್ಕಿಂತ ಬೇಕಾದದ್ದು ಅದೇ. ನಾಲ್ವರೂ ತಮಗೇ ಬೇಕು ಅಂದರು. ಕಡೆಗೆ ಅದನ್ನು ಜಂಟಿಯಾಗಿ ಬಿಡುವುದೆಂದಾಯಿತು. ಒಂಬತ್ತು ಪುಟದ ಪತ್ರದ ಎಂಟನೇ ಪುಟದಲ್ಲಿ ಹೀಗೆ ಬರೆದೆ: ಸದರಿ ಪದಕ್ಕೆ ಪಟ್ಟಿಯ ಪ್ರಕಾರ ಮೇಲಕ್ಕೆ ಲೆಟ್ ಡೌನ್, ಕೆಳಕ್ಕೆ ಲುಕ್ ಫಾರ್, ಎಡಕ್ಕೆ ಕ್ರಮಸಂಖ್ಯೆ, ಬಲಕ್ಕೆ ಖಾಲಿ ಜಾಗ, ಈ ಮಧ್ಯೆ ಇರುವ ಲುಕ್ ಆಫ್ಟರ್ ಎಂಬುದನ್ನು ನಾಲ್ವರೂ ಹಾಜರಿದ್ದು ನಾಲ್ವರೂ ಒಪ್ಪಿದಲ್ಲಿ ಮಾತ್ರ ಉಚ್ಚರಿಸತಕ್ಕದ್ದು. ಮನೋಜ್ ಎರಡು ಟ್ಯಾಕ್ಸಿ ಓಡಿಸುವವನು, ಪಿಕಪ್ ಎಂಬುದು ಅಮ್ಮಣ್ಣಿ ಅತ್ತೆಯ ಪಾಲಿಗೆ ಹೋದರೆ ನನ್ನ ಡ್ರೈವರುಗಳು ಏನು ಮಾಡಬೇಕು ಎಂದು ತಕರಾರು ತೆಗೆದ. ಪಿಕಪ್, ಸ್ವಿಚ್ ಆಫ್, ಸೆಟಪ್ ಇವು ತಲೆತಲಾಂತರದಿಂದ ಎಲ್ಲರ ಬಾಯಲ್ಲೂ ಓಡಾಡಿಕೊಂಡಿರುವುದರಿಂದ ದಾರಿ ಬಿಟ್ಟಂತೆ ಎಲ್ಲರಿಗೂ ರೂಢಿಯ ಹಕ್ಕು ಇರುತ್ತದೆಂದು ಇನ್ನೊಂದು ಸಾಲು ಸೇರಿಸಿದೆ.

ಪಾಲಾದ ಮೇಲೆ ಪಾಠದ ರೀತಿಯೇ ಬದಲಾಯಿತು. ಒಬ್ಬರ ಹದಿನೈದು ನಡೆಯುವಾಗ ಉಳಿದವರು ಎದ್ದು ಹೊರಗೆ ಹೋಗುವರು. ಬೇರೆಯವರ ಕಾಂಪೌಂಡಿನೊಳಗೆ ಇಣುಕಬಾರದು ಎಂಬ ಮರ್ಯಾದೆ. ಪ್ರೇರಣಾ ಒಂದು ಪಾಠದ ಜಾಗದಲ್ಲಿ ನಾಲ್ಕು ಪಾಠ ಮಾಡಿದಳು, ಫೀಸು ಮಾತ್ರ ಒಂದೇ. ನಾಲ್ಕು ಪಾಠಕ್ಕೂ ಕೂತಿದ್ದವರು ಲಕ್ಷ್ಮಿದೇವಮ್ಮ ಒಬ್ಬರೇ, ಯಾಕೆಂದರೆ ನಾಲ್ಕು ಪಾಠಕ್ಕೂ ಕಾಫಿ ಕೊಡಬೇಕಾಗಿತ್ತು.

ಸ್ವತ್ತು ಅಂದಮೇಲೆ ವ್ಯವಹಾರವೂ ಇರುತ್ತದೆ. ಅಮ್ಮಣ್ಣಿ ತಮ್ಮ ವರ್ಕ್ ಔಟ್ ಅನ್ನು ಹನ್ನೊಂದು ತಿಂಗಳ ಮಟ್ಟಿಗೆ ಮನೋಜನಿಗೆ ಭೋಗ್ಯಕ್ಕೆ ಕೊಟ್ಟರು. ನಲ್ಲಿಯಲ್ಲಿ ನೀರು ಯಾಕೆ ಬರುತ್ತಿಲ್ಲ ಎಂದು ವಾಚ್‌ಮನ್ನಿನ ಹತ್ತಿರ ಫೈಂಡ್ ಔಟ್ ಮಾಡಲು ರಾಮಯ್ಯ ಮೂರನೇ ಮಹಡಿ ಹತ್ತಿ ಶಿವರಾಮನ ಒಪ್ಪಿಗೆ ಕೇಳಿ ಬಂದರು. ವಾಚ್‌ಮನ್ ನೇಪಾಳದವನು, ಅವನಿಗೆ ಆ ಪದ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಮೀಟಿಂಗಿನ ಭಾನುವಾರ ರಾಮಯ್ಯ ನನ್ನನ್ನೂ ಕರೆದರು. ಪದಗಳ ಬಗ್ಗೆ ಏನಾದರೂ ತಕರಾರು ಬಂದರೆ ಮೂಲ ಪತ್ರ ಕೈಯಲ್ಲಿರಲಿ ಎಂದು. ಟೆರೇಸಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಮೂವತ್ತೇಳು ಫ್ಲಾಟಿನವರು ಬಂದಿದ್ದರು. ಮುಂದಿನ ಸಾಲಿನಲ್ಲಿ ನಾಲ್ವರು ಪಾಲುದಾರರು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ. ಹಿಂದೆ ಬಾಗಿಲ ಹತ್ತಿರ ಲಕ್ಷ್ಮಿದೇವಮ್ಮ ಎರಡು ಕೊಡ ಮಜ್ಜಿಗೆ ಇಟ್ಟುಕೊಂಡು ಕೂತಿದ್ದರು. ಕೆಂಚಿಯದೇ ಮಜ್ಜಿಗೆ. ಅವರ ಪಕ್ಕದಲ್ಲಿ ನಾನು.

ಐದು ವಿಷಯ ಮುಗಿದು ಆರನೆಯದು ಬಂತು. ಸೋಮನಾಥ್ ವೈಪರಿನ ವಿಷಯ, ನೊಣದ ವಿಷಯ ಓದಿ, ಈ ಪ್ರಾಣಿಯನ್ನು ಲುಕ್ ಆಫ್ಟರ್ ಮಾಡುವವರು ಯಾರು ಎಂದು ಇಂಗ್ಲಿಷಿನಲ್ಲಿ ಸಭೆಯನ್ನು ಕೇಳಿದರು. ಶಿವರಾಮ್ ಎದ್ದು ನಿಂತ.

"ಸಾರ್, ಅದು ನಮ್ಮ ಜಂಟಿ ಸ್ವತ್ತು. ನೀವು ಕೇಳ್ದೆ ಬಳಸಿದ್ರಿ."

ಹಸುವಿನ ಬಗ್ಗೆ ಹೇಳುತ್ತಿದ್ದಾನೆ ಎಂದು ಸೋಮನಾಥ್ ತಲೆಯಾಡಿಸಿದರು. ಹಸು ಅಲ್ಲ ಸಾರ್, ಪದ ಎಂದ ಶಿವರಾಮ್, ನನ್ನ ಕಡೆ ಕೈ ತೋರಿಸಿದ. ನಾನು ಹೋಗಿ ಎಂಟನೇ ಪುಟ ತೆರೆದು ಕೊಟ್ಟೆ. ಸೋಮನಾಥ್ ಕನ್ನಡಕ ಏರಿಸಿ ಪೂರ್ತಿ ಓದಿದರು, ಸೀಲು ನೋಡಿದರು, ಪುಟ ಹಿಂದೆ ಮುಂದೆ ತಿರುಗಿಸಿದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವರು. ಕಡೆಗೆ ಪತ್ರ ಹಿಂದಕ್ಕೆ ಕೊಡುತ್ತಾ ಮೆಲ್ಲಗೆ, "ಇದು ರಿಜಿಸ್ಟರ್ ಆಗಿಲ್ವಲ್ರೀ," ಅಂದರು. ಬೇರೆ ಯಾವ ಆಕ್ಷೇಪಣೆಯೂ ಅವರಿಗೆ ಕಾಣಲಿಲ್ಲ.

ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿತ್ತು. ವೀ ವಿಲ್ ಲುಕ್ ಆಫ್ಟರ್ ಎಂದು ನಾಲ್ವರೂ ಒಟ್ಟಿಗೆ ಎದ್ದು ಹೇಳುವುದು. ಮೂವರು ಎದ್ದರು. ಅಮ್ಮಣ್ಣಿ ಕೂತೇ ಇದ್ದರು.

"ಬ್ರಿಂಗ್ ಅಪ್ ನಂಗೆ ಕೊಡ್ಲಿ, ಒಪ್ತೀನಿ," ಅಂದರು. "ಅವ್ವ ಸತ್ತಾಗ ಇವನಿಗೆ ಮೂರು ವರ್ಷ. ಸೊಂಟದ ಮೇಲಿಟ್ಕೊಂಡು ತಿರುಗಿದ್ದು ನಾನು, ಮುದ್ದೆ ಮುರಿದು ಬಾಯಿಗಿಟ್ಟಿದ್ದು ನಾನು. ಆ ಪದ ಇವನ ಪಾಲಿಗೆ ಹೆಂಗ್ ಹೋಗುತ್ತೆ?"

"ಚೀಟೀಲಿ ಬಂದಿದ್ದು ಅಕ್ಕ. ನಾನೇನು ಕದ್ದಿಲ್ಲ."

"ನೀನು ಕದೀಲಿಲ್ಲ ಕಣೋ. ಕೊಡ್ಲೂ ಇಲ್ಲ."

ರಾಮಯ್ಯ ಇಬ್ಬರನ್ನೂ ಸಮಾಧಾನ ಮಾಡಲು ಹೋದರು. ಮನೋಜ್ ಎರಡು ಪದ ಕೊಟ್ಟು ಆ ಒಂದನ್ನು ಬಿಡಿಸಿಕೊಳ್ಳುವ ಮಾತಾಡಿದ. ಮುಂದಿನ ಸಾಲಿನಲ್ಲಿ ಕನ್ನಡದಲ್ಲಿ ಪಂಚಾಯಿತಿ, ಹಿಂದೆ ಮೂವತ್ತು ಚಿಲ್ಲರೆ ಮನೆಯವರು ಸುಮ್ಮನೆ ಕಾಯುತ್ತಾ. ಒಬ್ಬರು ಲ್ಯಾಪ್‌ಟಾಪ್ ತೆರೆದರು. ನೀಲಿ ಕಾರಿನವರು ಎದ್ದು, ಈ ವಿಷಯವನ್ನು ಪುಟ್ ಆಫ್ ಮಾಡಬಹುದೇ ಎಂದು ಕೇಳಿದರು. ರಾಮಯ್ಯ ಅವರ ಕಡೆ ತಿರುಗಿ ನೊಂದು ನೋಡಿದರು. ಹೊರಗಿನವರು, ಗೊತ್ತಿಲ್ಲದೆ ಬಳಸಿದ್ದಾರೆ ಎಂದು ಬಿಟ್ಟುಬಿಟ್ಟರು. ಹತ್ತು ನಿಮಿಷ ಆಯಿತು. ಸೋಮನಾಥ್ ಗಡಿಯಾರ ನೋಡಿಕೊಂಡು, ಇನ್ನು ಮತಕ್ಕೆ ಹಾಕುತ್ತೇನೆ, ಹಸುವನ್ನು ಕಳಿಸುವವರು ಕೈ ಎತ್ತಿ ಎಂದರು.

ಪಕ್ಕದಲ್ಲಿ ಲಕ್ಷ್ಮಿದೇವಮ್ಮ ಸೌಟು ಕೆಳಗಿಟ್ಟರು.

"ಶಂಭುಲಿಂಗಪ್ನೋರೇ, ಆ ಪತ್ರದಲ್ಲಿ ನನ್ನ ಹೆಸರು ಎಲ್ಲಾದ್ರೂ ಇದ್ಯಾ?"

ಇಲ್ಲ ಎಂದೆ. ಪಾಲು ಒಡಹುಟ್ಟಿದವರದು, ಸೊಸೆಯನ್ನು ಸೇರಿಸಿಲ್ಲ.

"ಹಂಗಾದ್ರೆ ಅದರಲ್ಲಿರೋ ಕಟ್ಟುಪಾಡು ನಂಗೆ ಹತ್ತಲ್ಲ ಅಲ್ವಾ?"

ಪತ್ರ ಬರೆದವನು ನಾನೇ, ಅದು ಯಾರನ್ನು ಕಟ್ಟುತ್ತದೆ ಎಂದು ನನಗೆ ಗೊತ್ತಿರಬೇಕು. ರುಜು ಹಾಕಿದವರನ್ನು ಮಾತ್ರ. ಹತ್ತಲ್ಲ ತಾಯಿ ಎಂದೆ.

ಅವರು ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತು, ಕೂತವರ ತಲೆಗಳ ಮೇಲಿಂದ ಸೋಮನಾಥರನ್ನೇ ನೋಡುತ್ತಾ ಹೇಳಿದರು.

"ಸಾರ್. ಫೋರ್ ತರ್ಟಿ ಐ ಗೆಟ್ ಅಪ್. ಐ ಲುಕ್ ಆಫ್ಟರ್. ಐ ಕ್ಲೀನ್ ಅಪ್. ವೈಪರ್ ಐ ಪೇ ಬ್ಯಾಕ್. ಕೆಂಚಿ ಓಲ್ಡ್. ಶೀ ಪಾಸ್ ಅವೇ, ಐ ಗಿವ್ ಬ್ಯಾಕ್ ಪಾರ್ಕಿಂಗ್. ಟಿಲ್ ದೆನ್, ಪ್ಲೀಸ್, ಗೆಟ್ ಅಲಾಂಗ್."

ನಾಲ್ಕೂವರೆಗೆ ಏಳುತ್ತೇನೆ, ನಾನೇ ನೋಡಿಕೊಳ್ಳುತ್ತೇನೆ, ಚೊಕ್ಕಟ ಮಾಡುತ್ತೇನೆ, ವೈಪರಿನ ದುಡ್ಡು ಕೊಡುತ್ತೇನೆ, ಹಸುವಿಗೆ ವಯಸ್ಸಾಗಿದೆ, ಅವಳು ತೀರಿಕೊಂಡ ಮೇಲೆ ಜಾಗ ನಿಮಗೇ ಬಿಡುತ್ತೇನೆ, ಅಲ್ಲಿಯವರೆಗೆ ಹೊಂದಿಕೊಂಡು ಹೋಗಿ. ಸಭೆಯಲ್ಲಿ ಅರ್ಥವಾಗದವರು ಯಾರೂ ಇರಲಿಲ್ಲ. ಏಳು ಪದ, ನಾಲ್ಕೂ ಪಾಲಿನಿಂದ ಮತ್ತು ಜಂಟಿಯಿಂದ, ಒಂದಕ್ಕೂ ಯಾರನ್ನೂ ಕೇಳಿರಲಿಲ್ಲ.

ಸೋಮನಾಥ್ ಪೆನ್ನು ಎತ್ತಿಕೊಂಡರು. ಆ ಜಾಗ ಜನರೇಟರಿಗೆ ಬೇಕು ಎಂದು ಸಂಘ ಎರಡು ವರ್ಷದಿಂದ ಕೇಳುತ್ತಿತ್ತು. ಹಸುವಿನ ಕಾಲ ಮುಗಿದ ಮೇಲೆ ಹದಿನಾಲ್ಕನೇ ನಂಬರು ಸಂಘಕ್ಕೆ, ಅದು ರಾಮಯ್ಯನವರ ಹೆಸರಿನಲ್ಲಿದೆ, ಅವರು ಒಪ್ಪುತ್ತಾರೋ ಎಂದು ಇಂಗ್ಲಿಷಿನಲ್ಲೇ ಕೇಳಿದರು.

ರಾಮಯ್ಯನವರ ಮುಖ ಕಪ್ಪಾಯಿತು. ಆ ಜಾಗ ಇವತ್ತಿನ ಬೆಲೆಗೆ ಐದು ಲಕ್ಷ. ಒಪ್ಪುವುದಿಲ್ಲ ಎನ್ನಲು ಬೇಕಾದ ಪದ ಟರ್ನ್ ಡೌನ್. ಅದು ಮನೋಜನ ಪಾಲಿನಲ್ಲಿತ್ತು. ಅವನ ಕಡೆ ತಿರುಗಿ ಕೈ ಚಾಚಿದರು, ಬೀಡಿಗೆ ಬೆಂಕಿಪೊಟ್ಟಣ ಕೇಳುವ ಹಾಗೆ. ಮನೋಜ್ ಹಿಂದೆ ತಿರುಗಿ ದೊಡ್ಡಮ್ಮನನ್ನು ನೋಡಿದ. ಅವನು ಅಪ್ಪ ಇಲ್ಲದೆ ಬೆಳೆದವನು, ಅವನಿಗೆ ದಿನಾ ಹಾಲು ಕಾಸಿ ಕೊಟ್ಟವರು ಅವರು.

"ಕೊಡಲ್ಲ ದೊಡ್ಡಪ್ಪ," ಅಂದ.

ರಾಮಯ್ಯ ಬರೀ ನೋ ಅನ್ನಬಹುದಾಗಿತ್ತು. ಆದರೆ ಮೂರು ತಿಂಗಳು ಫೀಸು ಕಟ್ಟಿ ಕಲಿತವರಿಗೆ ನಲವತ್ತು ಜನರ ಮುಂದೆ ಬರೀ ನೋ ಎಂದು ಕೂರುವುದು ಅವಮಾನ. ತಮ್ಮ ಹದಿನೈದನ್ನೂ ಮನಸ್ಸಿನಲ್ಲೇ ತಿರುವಿ ನೋಡಿದರು, ಸಾಲು ಸಾಲಾಗಿ ತುಟಿ ಅಲ್ಲಾಡುವುದು ನನಗೆ ಕಾಣುತ್ತಿತ್ತು. ಬೇಕಾದದ್ದು ಸಿಗಲಿಲ್ಲ. ಅಗ್ರೀ ಸಾರ್ ಎಂದು ಕೂತರು.

ಹಸುವನ್ನು ಇಟ್ಟುಕೊಳ್ಳಲು ಇಪ್ಪತ್ತನಾಲ್ಕು ಕೈ, ಕಳಿಸಲು ಹದಿಮೂರು. ನೀಲಿ ಕಾರಿನವರು ಕಳಿಸಲು ಕೈ ಎತ್ತಿದರು, ಆಮೇಲೆ ಬಂದು ಎರಡು ಲೋಟ ಮಜ್ಜಿಗೆ ಕುಡಿದರು.

ಸೋಮವಾರ ಬೆಳಿಗ್ಗೆ ನಾನು ಟೇಬಲ್ ಒರೆಸುವಷ್ಟರಲ್ಲಿ ಶಿವರಾಮ್ ಬಂದು ನಿಂತಿದ್ದ. ಅತ್ತಿಗೆ ಎಲ್ಲರ ಪಾಲಿನೊಳಗೂ ಅಪ್ಪಣೆ ಇಲ್ಲದೆ ನುಗ್ಗಿದ್ದಾರೆ, ಒಂದು ನೋಟಿಸು ಕೊಡಬೇಕು ಎಂದ. ಬರೆಯೋಣ, ಆದರೆ ನೋಟಿಸಿಗೆ ಉತ್ತರವೂ ಬರುತ್ತದೆ, ಇಷ್ಟು ವರ್ಷ ನಿಮ್ಮ ಮನೆಗೆ ಬಂದ ಹಾಲಿನ ಬಗ್ಗೆ ಅವರು ಒಂದು ಮಾತು ಕೇಳಿದರೆ ಏನು ಹೇಳುತ್ತೀಯ ಎಂದೆ. ಅವನು ಸ್ಟೂಲಿನ ಮೇಲೆ ಕೂತ. ಚಹಾ ತರಿಸಿದೆ, ಕುಡಿದ. ಲೋಟ ಕೆಳಗಿಟ್ಟು, ದಾನಪತ್ರ ಬರೆಯಲು ಎಷ್ಟಾಗುತ್ತದೆ ಎಂದು ಕೇಳಿದ.

ಬ್ರಿಂಗ್ ಅಪ್ ಎಂಬ ಒಂದು ಪದವನ್ನು ಅಕ್ಕ ಅಮ್ಮಣ್ಣಿಗೆ ಪ್ರೀತಿ ವಿಶ್ವಾಸದಿಂದ ದಾನ ಕೊಟ್ಟಿರುತ್ತೇನೆ ಎಂದು ಅರ್ಧ ಪುಟ ಬರೆದೆ. ಅದಕ್ಕೆ ಫೀಸು ತೆಗೆದುಕೊಳ್ಳಲಿಲ್ಲ. ಅಮ್ಮಣ್ಣಿ ಅದನ್ನು ಎಲ್ಲಿಯೂ ಬಳಸಿದ್ದನ್ನು ನಾನು ಕೇಳಿಲ್ಲ. ಪತ್ರವನ್ನು ಬೀರುವಿನಲ್ಲಿ ಇಟ್ಟಿದ್ದಾರಂತೆ.

ಕೆಂಚಿ ಉಳಿದಳು. ಲಕ್ಷ್ಮಿದೇವಮ್ಮ ಈಗಲೂ ನಾಲ್ಕೂವರೆಗೆ ಏಳುತ್ತಾರೆ. ಅಮ್ಮಣ್ಣಿಗೆ ಒಂದು ಪದ ಬಂತು, ಶಿವರಾಮನಿಗೆ ಒಂದು ಹೋಯಿತು. ಕೆಂಚಿ ಸತ್ತ ದಿನ ರಾಮಯ್ಯನವರಿಗೆ ಹದಿನಾಲ್ಕನೇ ನಂಬರಿನ ಜಾಗ ಇರುವುದಿಲ್ಲ.